ತಂಗುದಾಣದ ಹೊರಗೆ ನಿಲ್ಲುವ ಜನ

ಬೆಂಗಳೂರಿನಲ್ಲಿ ಬಸ್ಸಿಗೆ ಕಾಯುವವರು ತಂಗುದಾಣದೊಳಗೆ ಕೂರುವುದು ಕಡಿಮೆ, ರಸ್ತೆಗಿಳಿದು ನಿಲ್ಲುವುದೇ ಹೆಚ್ಚು. ‘ನಮ್ಮ ಜನಕ್ಕೆ ಶಿಸ್ತಿಲ್ಲ’ ಎಂದು ಬೈದು ಮುಂದೆ ಹೋಗುವುದು ಸುಲಭ. ಬಸ್ ಮಾಹಿತಿ ಫಲಕ ಸುಧಾರಿಸಲು ಹೊರಟ ಸ್ವಯಂಸೇವಕರ ತಂಡಕ್ಕೆ ನಾನು ಸೇರಿದಾಗ ನಮಗೆ ವಹಿಸಿದ ಮೊದಲ ಕೆಲಸ, ಸುಮ್ಮನೆ ನಿಂತು ನೋಡುವುದು.

ಡಿಸೈನ್ ಥಿಂಕಿಂಗ್ ಅನ್ನುವುದು ಶುರುವಾಗುವುದೇ ಅಲ್ಲಿಂದ. ಬಳಸುವವರ ಪಾಡು ಅರಿಯುವುದು, ತೊಡಕು ಯಾವುದೆಂದು ಗೊತ್ತುಮಾಡಿಕೊಳ್ಳುವುದು, ಉಪಾಯ ಹುಡುಕುವುದು, ಕಚ್ಚಾ ಮಾದರಿ ಮಾಡುವುದು, ಅದನ್ನು ಜನರ ಮುಂದಿಟ್ಟು ನೋಡುವುದು: ಸ್ಟ್ಯಾನ್‌ಫರ್ಡ್‌ನ ಡಿ.ಸ್ಕೂಲ್ ಕಲಿಸುವ ಹಂತಗಳು ಇವು.

ನಿಂತು ನೋಡಿದ ಮೇಲೆ ಶಿಸ್ತಿನ ಮಾತು ಬಿದ್ದುಹೋಯಿತು. ನಗರದ ಅನೇಕ ತಂಗುದಾಣಗಳನ್ನು ಜಾಹೀರಾತು ಹಕ್ಕು ಕೊಟ್ಟು ಖಾಸಗಿಯವರಿಂದ ಕಟ್ಟಿಸಲಾಗಿದೆ. ಜಾಹೀರಾತು ಬರುವ ವಾಹನಗಳ ಕಣ್ಣಿಗೆ ಬೀಳಬೇಕಲ್ಲ, ನಾವು ನಿಂತಿದ್ದ ಕಡೆ ಅದು ಬಸ್ ಬರುವ ಬದಿಗೇ ಗೋಡೆಯಂತೆ ನಿಂತಿತ್ತು. ಒಳಗೆ ಕೂತವರಿಗೆ ಬಸ್ಸಿನ ನಂಬರು ಕಾಣುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ರಸ್ತೆಗಿಳಿಯದೆ ಮತ್ತೇನು ಮಾಡುತ್ತಾರೆ?

ಎರಡನೆಯದು, ಫಲಕ ಓದುವವರೇ ವಿರಳ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಬಂದ ಮೇಲೆ ಒಬ್ಬರೇ ಓಡಾಡುವ ಹಿರಿಯ ಹೆಂಗಸರು ಅಲ್ಲಿ ಎದ್ದು ಕಾಣುತ್ತಿದ್ದರು. ಅವರು ನಂಬರು ಕೇಳುವುದಿಲ್ಲ, ‘ಮಾರ್ಕೆಟ್‌ಗೆ ಹೋಗ್ತದೇನಪ್ಪಾ?’ ಅನ್ನುತ್ತಾರೆ. ಅದಕ್ಕೇ ಡ್ರಾಯಿಂಗ್ ಶೀಟಿನ ಮೇಲೆ ಊರಗಲ ಅಕ್ಷರದಲ್ಲಿ ಸ್ಥಳದ ಹೆಸರು, ಪಕ್ಕದಲ್ಲಿ ಚಿಕ್ಕದಾಗಿ ನಂಬರು ಬರೆದು ಟೇಪಿನಲ್ಲಿ ಅಂಟಿಸಿದೆವು. ಟೀ ಕುಡಿಯಲು ಇಳಿದ ಕಂಡಕ್ಟರೊಬ್ಬರು ಅದನ್ನು ಓದಿ ನಕ್ಕರು: ‘ಮಾರ್ಕೆಟ್‌ಗೆ ಎಲ್ಲಾ ಬಸ್ಸೂ ಹೋಗ್ತದೆ ಸಾರ್. ಮಿನರ್ವ ಸರ್ಕಲ್ ಮೇಲೋ, ಚಾಮರಾಜಪೇಟೆ ಮೇಲೋ, ಅದನ್ನ ಬರೀರಿ.’ ಯಾವ ಸಮೀಕ್ಷೆಯ ಪ್ರಶ್ನಾವಳಿಯಲ್ಲೂ ಇದು ಇರಲಿಲ್ಲ. ಪ್ರಯಾಣಿಕರು ದಿನಕ್ಕೊಂದು ಸಲ ಕೇಳುವ ಪ್ರಶ್ನೆಗೆ ಕಂಡಕ್ಟರು ದಿನವಿಡೀ ಉತ್ತರ ಕೊಡುತ್ತಿರುತ್ತಾರೆ.

ಡಿಸೈನ್ ಥಿಂಕಿಂಗ್ ಕಾರ್ಯಾಗಾರಗಳ ಬಗ್ಗೆ ನನಗೊಂದು ತಕರಾರಿದೆ. ಗೋಡೆ ತುಂಬ ಬಣ್ಣದ ಚೀಟಿ ಅಂಟಿಸುವ ಉತ್ಸಾಹದಲ್ಲಿ, ನಾಳೆ ಮಾರ್ಗ ಬದಲಾದರೆ ಫಲಕ ಬದಲಿಸುವವರು ಯಾರು ಎಂದು ಕೇಳುವವರಿರುವುದಿಲ್ಲ. ಬಸ್ಸು ಬಿಎಂಟಿಸಿಯದು, ಫುಟ್‌ಪಾತ್ ಪಾಲಿಕೆಯದು, ವಾಹನ ನಿಲುಗಡೆ ಟ್ರಾಫಿಕ್ ಪೊಲೀಸರದು. ಮುಂದಿನ ರಿಪೇರಿಯನ್ನು ಮೊದಲೇ ಯೋಚಿಸಿದ ಉದಾಹರಣೆಯೂ ಇದೆ. ಟೆಂಡರ್‌ಶ್ಯೂರ್ ಎಂಬ ರಸ್ತೆ ಸುಧಾರಣಾ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಮಾಡಿದಾಗ ಅಗಲದ ಫುಟ್‌ಪಾತನ್ನು ಹಲವರು ಹೊಗಳಿದರು. ಖರ್ಚು ಜಾಸ್ತಿ ಎಂಬ ಟೀಕೆಯೂ ಬಂತು. ನನಗೆ ಹಿಡಿಸಿದ್ದು ಅದರ ಅಡಿಯ ಕೆಲಸ: ಕೇಬಲ್, ಪೈಪುಗಳಿಗೆ ಮೊದಲೇ ಜಾಗ ಮಾಡಿ, ರಿಪೇರಿಗೆ ರಸ್ತೆ ಅಗೆಯುವ ಪ್ರಮೇಯ ತಪ್ಪಿಸಲು ಛೇಂಬರ್ ಕೊಟ್ಟಿದ್ದು. ರಸ್ತೆಯ ಜೊತೆಗೆ ರಿಪೇರಿಯನ್ನೂ ನಕ್ಷೆಯಲ್ಲೇ ಬರೆದಿದ್ದರು.

ನಮ್ಮ ಮುಂದಿನ ಮಾದರಿಯಲ್ಲಿ ಪ್ರತಿ ಮಾರ್ಗಕ್ಕೂ ಬೇರೆ ಪಟ್ಟಿ ಇತ್ತು. ಒಂದು ಮಾರ್ಗ ಬದಲಾದರೆ ಎರಡು ಸ್ಕ್ರೂ ಬಿಚ್ಚಿ ಆ ಪಟ್ಟಿಯನ್ನಷ್ಟೇ ಬದಲಿಸಬಹುದು. ಈ ಸಲಹೆ ಕೊಟ್ಟವರು ಡಿಪೋದಲ್ಲಿ ಬೋರ್ಡ್ ಬರೆಯುವವರು.

ನಿಮ್ಮ ವಾರ್ಡಿನಲ್ಲಿ ಇಂಥ ಕೆಲಸಕ್ಕೆ ಕೈಹಾಕುವುದಾದರೆ ಕಂಡಕ್ಟರು, ಪೌರಕಾರ್ಮಿಕರು, ಲೈನ್‌ಮನ್‌ಗಳನ್ನು ಮೊದಲ ಸಭೆಗೇ ಕರೆಯಿರಿ. ಸಭೆಯನ್ನು ಅವರ ಪಾಳಿ ಮುಗಿದ ಮೇಲೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅವರ ಬದಲು ಮೇಲಧಿಕಾರಿಗಳಷ್ಟೇ ಬರುತ್ತಾರೆ.