ಗರ್ಭಚೀಲ ತೆಗೆಸುವ ಮುನ್ನ

ದುಬಲಗುಂಡಿಯಿಂದ ಸೊಸೆಯ ಜೊತೆ ಬಂದಿದ್ದ 46 ವರ್ಷದ ತಾಯಿ ಕುಳಿತ ಕೂಡಲೇ ಹೇಳಿದ್ದು: "ಗರ್ಭಚೀಲ ತೆಗೆಸಿಬಿಡ್ತೀನ್ರಿ ಸಾಹೇಬ್ರ, ಎಲ್ಲಿಗಿ ಹೋಗಲಿ ಹೇಳ್ರಿ." ಐದು ತಿಂಗಳಿಂದ ಮುಟ್ಟಾಗಿರಲಿಲ್ಲ. ರಾತ್ರಿ ಎದೆಯಿಂದ ಮುಖಕ್ಕೆ ಬಿಸಿ ಏರಿ, ಬೆವರಿ ನಿದ್ದೆ ಕೆಡುತ್ತಿತ್ತು. ಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆಂದು ಯಾರೋ ಹೆದರಿಸಿದ್ದರು.

ಆಕೆಗೆ ಆಗುತ್ತಿದ್ದುದು ರೋಗವಲ್ಲ. ವಯಸ್ಸಾದಂತೆ ಅಂಡಾಶಯಗಳು ಈಸ್ಟ್ರೋಜನ್ ಎಂಬ ರಸದೂತವನ್ನು ತಯಾರಿಸುವುದು ಕಡಿಮೆಯಾಗುತ್ತದೆ. ಮುಟ್ಟು ಏರುಪೇರಾಗಿ ಕೊನೆಗೆ ನಿಲ್ಲುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತೇವೆ. ಪಾಶ್ಚಾತ್ಯ ಸ್ತ್ರೀಯರಲ್ಲಿ ಸುಮಾರು 51ಕ್ಕೆ, ನಮ್ಮಲ್ಲಿ ಸರಾಸರಿ 46-47ಕ್ಕೆ. (ಆ 12 ತಿಂಗಳು ತುಂಬುವವರೆಗೆ ಗರ್ಭ ನಿಲ್ಲುವ ಸಂಭವವಿದೆ, ಆಪರೇಷನ್ ಆಗದವರು ಮರೆಯಬಾರದು.) 40ಕ್ಕಿಂತ ಮೊದಲೇ ನಿಂತರೆ ಮಾತ್ರ ಕಾರಣ ಹುಡುಕಲೇಬೇಕು.

ಬಿಸಿ ಏರುವುದು ಗರ್ಭಚೀಲದಿಂದಲ್ಲ, ಆದ್ದರಿಂದ ಅದನ್ನು ತೆಗೆದರೆ ನಿಲ್ಲುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗಿ, ಬಿಸಿ ಹೆಚ್ಚುತ್ತದೆ, ಮೂಳೆ ಬೇಗ ಸವೆಯುತ್ತದೆ. ನೆರೆಯ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನವರಿಗೂ ಅನವಶ್ಯಕವಾಗಿ ಈ ಶಸ್ತ್ರಚಿಕಿತ್ಸೆ ಮಾಡಲಾಗಿದೆಯೆಂಬ ದೂರು ಎದ್ದು, 2017ರಲ್ಲಿ ಮಹಿಳೆಯರು ಬೀದಿಗಿಳಿದಿದ್ದರು. ಇಂಥವನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೆ ತರುವಂತೆ ರಾಜ್ಯಗಳಿಗೆ ಆದೇಶಿಸಿತು. ಗಡ್ಡೆ, ಕ್ಯಾನ್ಸರ್, ಔಷಧಿಗೆ ಬಗ್ಗದ ರಕ್ತಸ್ರಾವ ಇದ್ದವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಗಲೂ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ನಮಗೆ ಬೇಸರವಾದರೆ ಆಗಲಿ.

ಈ ತಾಯಿಗೆ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ರಕ್ತಹೀನತೆ ಇತ್ತು, ಕಬ್ಬಿಣದ ಮಾತ್ರೆ ಕೊಟ್ಟೆ. ತೆಳು ನೂಲಿನ ಬಟ್ಟೆ, ಸಂಜೆಯ ಚಹಾ ಬಿಡುವುದು, ದಿನಾ ನಡಿಗೆ. ಮೂಳೆಗೆ ಹಾಲು, ಮೊಸರು, ಎಳ್ಳು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಂಕ್ರಾಂತಿಗಷ್ಟೇ ಏಕೆ? ಬಿಸಿ ತಡೆಯಲಾಗದಷ್ಟಿದ್ದರೆ ಹಾರ್ಮೋನ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ ಅದು ಸಲ್ಲದು. ಅಂಗಡಿಯಿಂದ ತಾವೇ ತಂದು ನುಂಗಬಾರದು.

ಸೊಸೆ ಹೊರಗೆ ಹೋದ ಮೇಲೆ ಆಕೆ ಮೆಲ್ಲಗೆ ಇನ್ನೊಂದು ಹೇಳಿದರು: ಕೆಳಗೆ ಒಣಗಿ ಉರಿ, ಗಂಡನ ಹತ್ತಿರ ಹೋಗಲು ನೋವು. ಇದಕ್ಕೂ ಹಚ್ಚುವ ಮುಲಾಮು ಇದೆ. ನಾಚಿಕೆಯಿಂದ ಬಹಳ ಮಂದಿ ಹೇಳುವುದೇ ಇಲ್ಲ.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ "ಮತ್ತೆ ಮುಟ್ಟು ಬಂತು" ಎಂದು ಸುಮ್ಮನಿರಬೇಡಿ. ಅದೇ ವಾರ ವೈದ್ಯರಿಗೆ ತೋರಿಸಿ.