ರೋಮ್‌ಗೆ ಹಡಗು ಹೋಗುವುದಿಲ್ಲ!

ಗೆಳೆಯರ ಗುಂಪು ಕಟ್ಟಿಕೊಂಡು ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟಿದ್ದೀರಾ? ವೇಳಾಪಟ್ಟಿಯಲ್ಲಿ ‘ರೋಮ್’ ಎಂದಿದ್ದರೂ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಬಂದರಿನಲ್ಲಿ. ಅಲ್ಲಿಂದ ರೋಮ್ ಸುಮಾರು 80 ಕಿ.ಮೀ.; ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಇಳಿಯುವುದು, ಸ್ಟೇಷನ್ ಮುಟ್ಟುವುದು, ವಾಪಸಾಗುವುದು ಎಲ್ಲ ಕಳೆದರೆ ಊರು ನೋಡಲು ಉಳಿಯುವುದು ಐದಾರು ಗಂಟೆ. ಕೊಲೋಸಿಯಮ್ಮೂ ಬೇಕು, ವ್ಯಾಟಿಕನ್ ಮ್ಯೂಸಿಯಮ್ಮೂ ಬೇಕು ಎಂದು ಹಟ ಹಿಡಿದರೆ ಎರಡನ್ನೂ ಓಡುತ್ತಲೇ ನೋಡಬೇಕಾದೀತು. ಒಂದನ್ನು ಆರಿಸಿ, ಟಿಕೆಟ್ ಮೊದಲೇ ಮಾಡಿಸಿಡಿ. ಅಂದಹಾಗೆ, ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರಗಳಲ್ಲಿ ವ್ಯಾಟಿಕನ್ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ.

ಹಡಗಿನವರೇ ಏರ್ಪಡಿಸುವ ಪ್ರವಾಸ ದುಬಾರಿ, ನಿಜ. ಆದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ನನ್ನನ್ನು ಕೇಳಿದರೆ, ರೋಮ್‌ನಂಥ ದೂರದ ಊರಿಗೆ ಅವರ ಬಸ್ಸೇ ವಾಸಿ. ಬಂದರಿನ ನೆತ್ತಿಯ ಮೇಲೇ ಊರಿರುವ ಮಾಲ್ಟಾದ ವಲೆಟ್ಟಾದಲ್ಲಿ ನಿಮ್ಮ ಕಾಲೇ ಸಾಕು.

ಹೊಟ್ಟೆ ತೊಳಸುವವರಿಗೆ ಹಡಗಿನ ನಡುಭಾಗದ ಕೆಳ ಅಂತಸ್ತಿನ ಕ್ಯಾಬಿನ್ ಹಿತ. ಈಜುಕೊಳದ ಕೆಳಗಿನದು ಬೇಡ, ಬೆಳಬೆಳಗ್ಗೆ ತಲೆಯ ಮೇಲೆ ಕುರ್ಚಿ ಎಳೆಯುವ ಸದ್ದು. ಕಂಪನಿಯೇ ನಂಬರು ಕೊಡುವ ಅಗ್ಗದ ಕ್ಯಾಬಿನ್ ಹಿಡಿದರೆ ಗೆಳೆಯರೆಲ್ಲ ದಿಕ್ಕಾಪಾಲು.

ಗ್ರೀಸ್‌ನಿಂದ ಟರ್ಕಿಯ ಕುಶಾದಾಸಿಗೆ ಹೋಗಿ ಮತ್ತೆ ಗ್ರೀಸ್‌ಗೆ ಮರಳುವ ಹಡಗಾದರೆ, ಭಾರತದ ಪಾಸ್‌ಪೋರ್ಟಿನವರು ಹಲವು ಪ್ರವೇಶದ ಷೆಂಗೆನ್ ವೀಸಾವನ್ನೇ ಕೇಳಿ ಪಡೆಯಿರಿ.