ಅತ್ಯಲ್ಪ ವಿದ್ಯುತ್ಪ್ರವಾಹದ ಅಳತೆ

ಲಸಿಕೆಗಳನ್ನು ಸಾಗಿಸುವ ಶೀತಪೆಟ್ಟಿಗೆಗಳಲ್ಲಿ ಉಷ್ಣತೆಯನ್ನು ದಾಖಲಿಸುವ ಪುಟ್ಟ ಉಪಕರಣವನ್ನು ಇಡುವುದುಂಟು. ಇವುಗಳಲ್ಲಿ ಹಲವು ನಾಣ್ಯದಾಕಾರದ 3 ವೋಲ್ಟಿನ ಒಂದೇ ಸೆಲ್ಲಿನಿಂದ ನಡೆಯುತ್ತವೆ. ನಡುದಾರಿಯಲ್ಲಿ ಸೆಲ್ ಮುಗಿದುಹೋದರೆ, ಲಸಿಕೆಯು ಬಿಸಿಯೇರಿ ಕೆಟ್ಟಿತೋ ಇಲ್ಲವೋ ಎಂಬುದು ತಿಳಿಯದೆ ಹೋಗುತ್ತದೆ.

ಸಿಆರ್ 2032 ಎಂಬ ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಉಪಕರಣವು ಸರಾಸರಿ 10 ಮೈಕ್ರೊಆಂಪಿಯರ್, ಅಂದರೆ ಆಂಪಿಯರಿನ ಲಕ್ಷದಲ್ಲೊಂದು ಭಾಗವನ್ನು, ಬಳಸಿದರೆ ಲೆಕ್ಕದ ಪ್ರಕಾರ ಸೆಲ್ ಎರಡೂವರೆ ವರ್ಷ ಬಾಳುತ್ತದೆ. ಎಲ್ಲಿಯೋ 5 ಮೈಕ್ರೊಆಂಪಿಯರ್ ಹೆಚ್ಚಾಗಿ ಸೋರಿದರೆ ಆಯುಷ್ಯ 20 ತಿಂಗಳಿಗೆ ಇಳಿಯುತ್ತದೆ. ಬೆರಳಿನ ಬೆವರು, ಬೆಸುಗೆಯ ಕೊಳೆ ಇವಿಷ್ಟೇ ಸೋರಿಕೆಗೆ ಸಾಕು.

ಇದನ್ನು ಅಳೆಯುವ ಸಾಧನವೇ ಅಳತೆಯನ್ನು ಕೆಡಿಸಬಹುದೆಂಬುದನ್ನು ಗಮನಿಸಬೇಕು. ಮಲ್ಟಿಮೀಟರು ಪ್ರವಾಹವನ್ನು ತನ್ನೊಳಗಿನ ರೋಧಕದ ಮೂಲಕ ಹರಿಸಿ, ಅದರಲ್ಲಿ ಕುಸಿಯುವ ವೋಲ್ಟೇಜನ್ನು ಓದುತ್ತದೆ. ಮೈಕ್ರೊಆಂಪಿಯರ್ ಶ್ರೇಣಿಯಲ್ಲಿ ಈ ರೋಧ 100 ಓಮ್ ಇದೆಯೆನ್ನೋಣ. ನಿದ್ರಾವಸ್ಥೆಯ 2 ಮೈಕ್ರೊಆಂಪಿಯರಿಗೆ ಆಗುವ ಕುಸಿತ ನಗಣ್ಯ. ಆದರೆ ಉಪಕರಣವು ಎಚ್ಚೆತ್ತು, ರೇಡಿಯೊ ಮೂಲಕ ಮಾಹಿತಿ ಕಳುಹಿಸಲು ಕ್ಷಣಕಾಲ 20 ಮಿಲಿಆಂಪಿಯರ್ ಎಳೆದಾಗ, ಓಮನ ನಿಯಮದಂತೆ 2 ವೋಲ್ಟ್ ಮೀಟರಿನಲ್ಲಿಯೇ ಕುಸಿಯುತ್ತದೆ. ಉಳಿದ 1 ವೋಲ್ಟಿನಿಂದ ಉಪಕರಣ ನಡೆಯದು; ಅದು ನಿಂತು, ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ನೋಡುವವರು ದೋಷವನ್ನು ಉಪಕರಣದಲ್ಲಿ ಹುಡುಕತೊಡಗುತ್ತಾರೆ! ಆದುದರಿಂದ ಎಚ್ಚರದ ಹೊತ್ತಿನಲ್ಲಿ ಮೀಟರಿನ ಎರಡು ತುದಿಗಳನ್ನು ಒಂದು ಸ್ವಿಚ್ಚಿನಿಂದ ಕೂಡಿಸಿಟ್ಟು, ಉಪಕರಣ ನಿದ್ರಿಸಿದ ಮೇಲೆ ಸ್ವಿಚ್ಚನ್ನು ತೆರೆದು ಓದುವುದು ವಾಡಿಕೆ.

ಬೆಲೆಬಾಳುವ ಸಾಧನವಿಲ್ಲದವರಿಗೆ ಇನ್ನೊಂದು ಮಾರ್ಗವಿದೆ. ನಿದ್ರಾವಸ್ಥೆಯ ಅಳತೆಗೆ ಇದೇ ಹೆಚ್ಚು ನಂಬಲರ್ಹವೆನ್ನಬಹುದು. 1000 ಮೈಕ್ರೊಫ್ಯಾರಡ್‌ನ ಕೆಪಾಸಿಟರನ್ನು 3 ವೋಲ್ಟಿಗೆ ತುಂಬಿ, ಸೆಲ್ಲನ್ನು ತೆಗೆದು, ಉಪಕರಣವನ್ನು ಅದರಿಂದಲೇ ನಡೆಸಬೇಕು. 100 ಸೆಕೆಂಡುಗಳಲ್ಲಿ ವೋಲ್ಟೇಜು 0.2ರಷ್ಟು ಇಳಿದರೆ, ಕೆಪಾಸಿಟರಿನ ಮೌಲ್ಯವನ್ನು ಈ ಇಳಿತದಿಂದ ಗುಣಿಸಿ ಕಾಲದಿಂದ ಭಾಗಿಸಿದಾಗ ಸರಾಸರಿ ಪ್ರವಾಹ 2 ಮೈಕ್ರೊಆಂಪಿಯರ್ ಎಂದು ದೊರೆಯುತ್ತದೆ. ವೋಲ್ಟ್‌ಮೀಟರನ್ನು ಆರಂಭದಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಮುಟ್ಟಿಸಬೇಕು; 10 ಮೆಗಾಓಮ್ ರೋಧದ ಮೀಟರು ಸದಾ ಜೋಡಿಸಿದ್ದರೆ ತಾನೇ 0.3 ಮೈಕ್ರೊಆಂಪಿಯರ್ ಎಳೆಯುತ್ತದೆ. ಕೆಪಾಸಿಟರಿಗೂ ಸ್ವಂತ ಸೋರಿಕೆಯುಂಟು. ಉಪಕರಣವನ್ನು ಜೋಡಿಸದೆ ಅಷ್ಟೇ ಹೊತ್ತು ಬಿಟ್ಟು, ಆಗ ಕಂಡ ಇಳಿತವನ್ನು ಮೊದಲು ಕಳೆಯತಕ್ಕದ್ದು.